ಯಜಮಾನ ಗೇಟಿನ ಹೊರಗೆ

ಎವ್ಸ್ತಾತಿ ಕೊಪ್ರಿನ್‌ಕೋವ್ ಯಾರನ್ನೂ ನಂಬದೆ ಇರುವುದನ್ನು ಕಲಿತದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ಎಲ್ಲರನ್ನೂ ನಂಬಿಕೊಂಡೇ ಬದುಕಿದ್ದ. ಕಾರಿನ ಕೀಲಿ ಕಾರಿನಲ್ಲೇ ಇರುತ್ತಿತ್ತು. ಪ್ಲೊವ್‌ದಿವ್ ರಸ್ತೆಯಲ್ಲಿ ಕೈ ತೋರಿಸಿದ ಯಾರಿಗೋ ಒಮ್ಮೆ ತನ್ನ ಟ್ರೇಲರನ್ನೇ ಕೊಟ್ಟು ಕಳಿಸಿದ್ದ, ಹೆಸರು ಕೇಳಲು ಮರೆತಿದ್ದ. ಆ ಮನುಷ್ಯ ಕೆಲವು ವಾರಗಳ ನಂತರ ಟ್ರೇಲರ್ ತುಂಬಾ ಕಲ್ಲಂಗಡಿ ಹೇರಿಕೊಂಡು ಬಂದು ವಾಪಸು ಬಿಟ್ಟುಹೋದ. ಇಂಥ ಅನುಭವಗಳೇ ಮನುಷ್ಯನನ್ನು ಕೆಡಿಸುವುದು.

ರೈಲು ನಿಲ್ದಾಣದ ಹಿಂದೆ ಅವನ ಕಾರ್ಖಾನೆ. ಕೆಂಪು ದೊಣ್ಣೆಮೆಣಸು ಸುಟ್ಟು, ಸುಲಿದು, ಟೊಮೆಟೊ ಜೊತೆ ಕುದಿಸಿ ಲ್ಯೂತೆನಿತ್ಸಾ ಎಂಬ ಗೊಜ್ಜು ಮಾಡಿ ಬಾಟಲಿಗೆ ತುಂಬುವ ಕೆಲಸ. ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಒಂದೇ ಪಾಸ್‌ವರ್ಡ್: ಶಾರೋ, ಅವನ ನಾಯಿಯ ಹೆಸರು. ಅದು ಊರಿಗೆಲ್ಲ ಗೊತ್ತಿತ್ತು. ನಾಯಿ ಸತ್ತ ಮೇಲೆ ಬದಲಿಸೋಣವೆಂದರು. ಎವ್ಸ್ತಾತಿಗೆ ಮನಸ್ಸು ಬರಲಿಲ್ಲ.

ಒಂದು ವಸಂತದಲ್ಲಿ ರಾಜಧಾನಿ ಸೋಫಿಯಾದಿಂದ ಫೋನು ಬಂತು. ಅವನ ಬಾಟಲಿಗಳಲ್ಲಿ ಹೆಚ್ಚಿನ ಪಾಲನ್ನು ಕೊಳ್ಳುವ ದೊಡ್ಡ ಅಂಗಡಿ ಸರಣಿಯವರು. ಎಲ್ಲೋ ಒಂದು ಉಪ್ಪಿನಕಾಯಿ ಕಂಪನಿಯ ಕಂಪ್ಯೂಟರುಗಳಿಗೆ ಕಳ್ಳರು ದೂರದಿಂದಲೇ ಬೀಗ ಹಾಕಿ ಕೂತಿದ್ದರಂತೆ. ಇನ್ನು ಮುಂದೆ ಸರಕು ಕೊಡುವವರೆಲ್ಲ ಝೀರೋ ಟ್ರಸ್ಟ್ ಪಾಲಿಸಬೇಕು, ಅಂದರೆ ಒಳಗಿನವನೋ ಹೊರಗಿನವನೋ ಎಂದು ನೋಡದೆ ಪ್ರತಿ ಬಾಗಿಲಲ್ಲೂ ಪ್ರತಿ ಸಲವೂ ನೀನು ಯಾರು ಎಂದು ಕೇಳಬೇಕು ಎಂದರು. ಶರತ್ಕಾಲದಲ್ಲಿ ಹೇಳದೆ ಬಂದು ನೋಡುತ್ತೇವೆ, ಸರಿಯಿರದಿದ್ದರೆ ಖರೀದಿ ಬಂದ್ ಎಂದೂ ಸೇರಿಸಿದರು. ಖರೀದಿ ನಿಂತರೆ ಕಾರ್ಖಾನೆ ನಿಂತಂತೆ, ಕಾರ್ಖಾನೆ ನಿಂತರೆ ಊರಿನ ಅರ್ಧ ಒಲೆ ಆರಿದಂತೆ.

ಎವ್ಸ್ತಾತಿ ಮಾಲೀಕರಿಗೆಂದೇ ನಡೆಸುವ ತರಬೇತಿಗೆ ಹೋದ. ಇದು ಕಂಪ್ಯೂಟರ್ ಹುಡುಗರ ತಲೆಗೆ ಕಟ್ಟುವ ಕೆಲಸವಲ್ಲ, ಯಜಮಾನನದೇ ಮೊದಲ ಕೆಲಸ, ತಪಾಸಣೆಗೂ ಅವನೇ ಮೊದಲು ನಿಲ್ಲಬೇಕು ಎಂದು ಅಲ್ಲಿನ ಮೇಷ್ಟ್ರು ಹೇಳಿದರು. ಎವ್ಸ್ತಾತಿಗೆ ಎಷ್ಟು ಹಿಡಿಸಿತೆಂದರೆ ಕೊನೆಗೆ ಎದ್ದುಹೋಗಿ ಮೇಷ್ಟ್ರನ್ನು ತಬ್ಬಿಕೊಂಡ. ಊರಿಗೆ ಬಂದವನೇ ಎಲ್ಲ ಬಾಗಿಲಿಗೂ, ಕಂಪ್ಯೂಟರಿಗೂ ಬೆರಳಚ್ಚಿನ ಬೀಗ ಹಾಕಿಸಿದ. ಗೇಟು ಕಾಯುವ ಸ್ತೊಯ್ಮೆಂಕಾಳಿಗೆ, ಇವತ್ತಿನಿಂದ ನನ್ನನ್ನೂ ನಂಬಬೇಡ ಎಂದ. ಅವಳು ಅವನ ಪಕ್ಕದ ಮನೆಯಲ್ಲೇ ಇದ್ದವಳು, ಅವನು ತೊಟ್ಟಿಲಲ್ಲಿದ್ದದ್ದನ್ನು ಕಂಡವಳು.

"ನಿನ್ನನ್ನ ನಾನು ಯಾವತ್ತು ನಂಬಿದ್ದೆ?" ಎಂದಳು. "ನನ್ನ ಚೆರ್ರಿ ಮರ ಹತ್ತಿ ಕೊಂಬೆ ಮುರಿದವನು ನೀನೇ ಅಲ್ವೇನೋ?"

"ಚೆರ್ರಿ ವಿಷಯ ಬಿಡು ಅಕ್ಕಾ."

"ಬಿಡೋದು ಹೇಗೆ, ಇನ್ನೂ ಆ ಕಡೆ ಕೊಂಬೆ ಬಂದಿಲ್ಲ."

ಬೇಸಿಗೆಯುದ್ದಕ್ಕೂ ಬೀಗಗಳು ಚೆನ್ನಾಗಿ ನಡೆದವು. ಆಮೇಲೆ ಸೆಪ್ಟೆಂಬರ್ ಬಂತು.

ಕಾರ್ಖಾನೆಯಲ್ಲಿ ಮೆಣಸು ಸುಲಿಯಲು ಯಂತ್ರವಿದೆ. ಆದರೆ ಚಳಿಗಾಲಕ್ಕೆ ಮನೆಯ ಲ್ಯೂತೆನಿತ್ಸಾ ಮನೆಯಲ್ಲೇ ಆಗಬೇಕು. ಅಂಗಡಿಯ ಬಾಟಲಿ ಮೇಜಿನ ಮೇಲಿಟ್ಟರೆ ಮರ್ಯಾದೆ ಹೋದಂತೆ, ಅದನ್ನು ಮಾಡುವವನ ಮನೆಯಲ್ಲೂ ಅಷ್ಟೇ. ಹಾಗಾಗಿ ಆ ಭಾನುವಾರ ಇಡೀ ಊರು ಅಂಗಳದಲ್ಲಿ ಕೂತು, ಒಲೆಯಿಂದ ಆಗತಾನೆ ತೆಗೆದ ಮೆಣಸನ್ನು ಊದುತ್ತ, ಬೈಯುತ್ತ ಬರಿಗೈಯಲ್ಲಿ ಸುಲಿಯಿತು. ಮೆಣಸಿನ ಸಿಪ್ಪೆಯ ಜೊತೆ ಬೆರಳ ತುದಿಯ ಸಿಪ್ಪೆಯೂ ಹೋಯಿತು. ಸೋಮವಾರ ಬೆಳಿಗ್ಗೆ ಬಾಗಿಲುಗಳಿಗೆ ಯಾರ ಗುರುತೂ ಸಿಗಲಿಲ್ಲ. ಲೆಕ್ಕ ಬರೆಯುವವಳು ಬೆರಳು ಇಟ್ಟಳು, ಕೆಂಪು ದೀಪ. ಎವ್ಸ್ತಾತಿ ಇಟ್ಟ, ಕೆಂಪು ದೀಪ. ಬೆರಳಿಗೆ ಉಗುಳು ಹಚ್ಚಿ ಇಟ್ಟ. ಬಾಗಿಲು ಬೇಸರಗೊಂಡಂತೆ ಎರಡು ಸಲ ಕೂಗಿತು.

ಕೊನೆಗೆ ಮುಂದೆ ಬಂದವನು ಲಾರಿ ಚಾಲಕ ದಿಮೋ. ಬೀಗ ಹಾಕಿಸಿದ ದಿನ ಅವನು ಯಂತ್ರಕ್ಕೆ ತಮಾಷೆಗೆಂದು ಕಾಲಿನ ಹೆಬ್ಬೆರಳಿನ ಅಚ್ಚನ್ನೂ ಕೊಟ್ಟಿದ್ದ. ಈಗ ಬೂಟು, ಕಾಲುಚೀಲ ಬಿಚ್ಚಿ, ಎವ್ಸ್ತಾತಿಯ ಹೆಗಲು ಹಿಡಿದು ಕಾಲೆತ್ತಿ ಇಟ್ಟ. ಹಸಿರು ದೀಪ ಬಂತು. ಇಡೀ ಕಾರ್ಖಾನೆಗೆ ಒಂದೇ ಕಾಲ್ಬೆರಳು. ದಿಮೋ ಬಾಗಿಲಿನಿಂದ ಬಾಗಿಲಿಗೆ ಕುಂಟುತ್ತ ಓಡಾಡಿದ. ಅವನ ಕಾಲು ತಣ್ಣಗಾದಾಗ ಯಾರೋ ಉಣ್ಣೆಯ ಟೋಪಿ ತಂದು ಕಾಲಿಗೇ ತೊಡಿಸಿದರು.

ಸಾಲದ್ದಕ್ಕೆ ಅಂದು ಸಂತ ಎವ್ಸ್ತಾತಿಯ ದಿನ, ಯಜಮಾನನ ಹೆಸರಿನ ಹಬ್ಬ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬರುವವರು ತಾವೇ ಬರುತ್ತಾರೆ. ಬಂದವರನ್ನು ನೀವು ಯಾರು ಎಂದು ಕೇಳುವುದು ಊಟಕ್ಕೆ ಕೂತವರ ತಟ್ಟೆ ಎಳೆದಷ್ಟೇ ಅವಮಾನ. ನೆಂಟರು, ರೈತರು, ಮೇಯರ್ ಎಲ್ಲರೂ ಕಾರ್ಖಾನೆಗೇ ಬರತೊಡಗಿದರು. ದಿಮೋ ಇನ್ನು ಆಗಲ್ಲ ಎಂದು ಕೂತುಬಿಟ್ಟ. ಎವ್ಸ್ತಾತಿ ಒಂದು ಕ್ಷಣ ಯೋಚಿಸಿ, ಪ್ರತಿ ಬಾಗಿಲಿಗೂ ಒಂದೊಂದು ದೊಡ್ಡ ಲ್ಯೂತೆನಿತ್ಸಾ ಡಬ್ಬಿ ಅಡ್ಡ ಇಟ್ಟು ತೆರೆದಿಟ್ಟ. ಕಂಪ್ಯೂಟರುಗಳೂ ಮತ್ತೆ ಶಾರೋ ಹೆಸರಿಗೆ ತಿರುಗಿದವು.

ಮಧ್ಯಾಹ್ನದ ಹೊತ್ತಿಗೆ ಹೂಗುಚ್ಛ ಹಿಡಿದ ಒಬ್ಬ ಹೆಂಗಸು ಬಂದಳು. ಸ್ತೊಯ್ಮೆಂಕಾ ಹೂವು ಎಣಿಸಿದಳು. ಬೆಸಸಂಖ್ಯೆ ಇತ್ತು. ಜೋಡಿ ಲೆಕ್ಕದ ಹೂವು ಸತ್ತವರಿಗೆ, ಇದು ಬದುಕಿದವರಿಗೆ ತಂದದ್ದೇ ಎಂದು ಖಾತ್ರಿಯಾಗಿ ಒಳಗೆ ಬಿಟ್ಟಳು. ಅಂದು ಆ ಕಾರ್ಖಾನೆಯಲ್ಲಿ ನಡೆದ ತಪಾಸಣೆ ಅದೊಂದೇ. ಆಕೆ ನೂರ್ಕಾಲ ಬಾಳಿ ಎಂದು ಎವ್ಸ್ತಾತಿಯ ಕೈ ಕುಲುಕಿದಳು, ಚೀಸು ತುಂಬಿದ ಬಾನಿತ್ಸಾ ತಿಂದಳು, ತಟ್ಟೆ ಹಿಡಿದೇ ಎಲ್ಲ ಕೋಣೆ ಸುತ್ತಿದಳು. ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಬೆಕ್ಕಿನ ಫೋಟೊ ತೋರಿಸಲಾ ಎಂದಾಗ ಎವ್ಸ್ತಾತಿ ತನ್ನ ಕುರ್ಚಿ ಬಿಟ್ಟುಕೊಟ್ಟು, ತಾನೇ ಬಗ್ಗಿ ಪಾಸ್‌ವರ್ಡ್ ಒತ್ತಿ, ಆ ನಾಯಿಯ ಕಥೆಯನ್ನೂ ಹೇಳಿದ. ಬೆಕ್ಕನ್ನು ಎಲ್ಲರೂ ಮೆಚ್ಚಿದರು.

ಆಕೆ ತುಟಿ ಒರೆಸಿಕೊಂಡು ಹೇಳಿದಳು: "ಊಟ ತುಂಬಾ ರುಚಿಯಾಗಿತ್ತು, ಎವ್ಸ್ತಾತಿ ಅವ್ರೇ. ನನ್ನ ಹೆಸರು ರಾಡಿನಾ. ಸೋಫಿಯಾದಿಂದ ತಪಾಸಣೆಗೆ ಬಂದವಳು."

ಎವ್ಸ್ತಾತಿಯ ಬಾಯಿಗೆ ಬಂದದ್ದು ಅಭ್ಯಾಸಬಲದ ಮಾತು. "ಇನ್ನೊಂದು ತುಂಡು ಹಾಕ್ಲಾ?"

ಆಕೆಗೆ ಪಾಪ ಅನ್ನಿಸಿತೋ ಏನೋ, ಇನ್ನೊಂದೇ ಸಲ ಬರುತ್ತೇನೆ, ಆಗಲೂ ಹೀಗೇ ಇದ್ದರೆ ನನ್ನ ಕೈಲಿ ಏನೂ ಇಲ್ಲ ಎಂದು ಹೇಳಿ ಹೋದಳು. ಎವ್ಸ್ತಾತಿ ಬಾಗಿಲುಗಳ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಟ್ಟ. ಬಾಗಿಲಿಗೆ ಡಬ್ಬಿ ಅಡ್ಡ ಇಟ್ಟವನು ಕಳ್ಳನಲ್ಲ, ಯಜಮಾನ. ಆ ಮೇಷ್ಟ್ರಿಗೆ ಮುಖ ತೋರಿಸುವುದು ಹೇಗೆ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು.

ಮರುವಾರವೇ ಬೆರಳಿನ ಬೀಗ ತೆಗೆಸಿ ಎಲ್ಲರಿಗೂ ಫೋಟೊ ಇರುವ ಕಾರ್ಡು, ತಲೆಗೊಂದು ಗುಟ್ಟಿನ ಅಂಕೆ ಕೊಟ್ಟ. ಪಾಸ್‌ವರ್ಡೂ ಒಬ್ಬೊಬ್ಬರಿಗೆ ಒಂದೊಂದಾಯಿತು. ಶಾರೋನನ್ನು ಸೇವೆಯಿಂದ ಬಿಡುಗಡೆ ಮಾಡಿದ ಸಂಜೆ ಎಲ್ಲರೂ ಸೇರಿ ಒಂದೊಂದು ಗುಟುಕು ರಾಕಿಯಾ ಕುಡಿದರು. ದಿಮೋ ಮಾತ್ರ ತನ್ನ ಕಾಲ್ಬೆರಳನ್ನೂ ಬಿಡುಗಡೆ ಮಾಡಿದ್ದಕ್ಕೆ ಮುನಿಸಿಕೊಂಡ.

ನವೆಂಬರಿನ ಒಂದು ಮಂಜು ಮುಸುಕಿದ ಬೆಳಿಗ್ಗೆ ಎವ್ಸ್ತಾತಿ ಗೇಟಿಗೆ ಬಂದಾಗ ರಾಡಿನಾ ಆಗಲೇ ಒಳಗಿದ್ದಳು. ಸ್ತೊಯ್ಮೆಂಕಾ ಅವಳ ಗುರುತಿನ ಚೀಟಿ ನೋಡಿ, ಸೋಫಿಯಾಕ್ಕೆ ಫೋನು ಮಾಡಿ ಕೇಳಿ, ಆಮೇಲಷ್ಟೇ ಕಾವಲು ಕೋಣೆಯ ಒಲೆಯ ಪಕ್ಕ ಕೂರಿಸಿದ್ದಳು. ಎವ್ಸ್ತಾತಿ ಜೇಬು ತಡಕಿದ. ಕಾರ್ಡು ಇರಲಿಲ್ಲ. ನಿನ್ನೆ ತೊಟ್ಟ ಕೋಟಿನಲ್ಲಿತ್ತು, ಆ ಕೋಟು ಮನೆಯಲ್ಲಿತ್ತು.

ಹೆಂಡತಿ ಗಿನ್ಕಾಗೆ ಫೋನು ಮಾಡಿದ. ತರುತ್ತೇನೆ, ಆದರೆ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯಬೇಕು ಎಂದಳು. ರಾಡಿನಾ ಕೈಗಡಿಯಾರ ನೋಡಿದಳು. ಅವಳ ರೈಲಿಗೆ ಹೊತ್ತಾಗುತ್ತಿತ್ತು. ಯಜಮಾನನ ಜೊತೆ ಮಾತಾಡದೆ ಅವಳು ಹೋದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಆಗ ಯಾರೂ ನಿರೀಕ್ಷಿಸದ ಕೆಲಸವಾಯಿತು. ಚೆರ್ರಿ ಕೊಂಬೆಯನ್ನು ಇವತ್ತಿಗೂ ಮರೆಯದ ಸ್ತೊಯ್ಮೆಂಕಾ, ಚಳಿಗೆ ಕೆಂಪಾದ ಅವನ ಮೂಗು ನೋಡಿ ಕರಗಿದಳು. ಕೈ ಮೆಲ್ಲನೆ ಗೇಟಿನ ಗುಂಡಿಯ ಕಡೆ ಹೋಯಿತು.

"ಒತ್ತಬೇಡ ಅಕ್ಕಾ," ಎಂದ ಎವ್ಸ್ತಾತಿ.

"ನೀನೇ ಅಂತ ನಂಗೆ ಗೊತ್ತಲ್ಲೋ."

"ಗೊತ್ತಿದ್ರೂ ಒತ್ತಬೇಡ. ಕಾರ್ಡಿಲ್ಲ, ಬಾಗಿಲಿಲ್ಲ. ನನಗೂ ಅಷ್ಟೇ."

ರಾಡಿನಾ ಎದ್ದು ಕೋಣೆಯಿಂದ ಹೊರಬಂದಳು. ಹೊರಟೇಬಿಟ್ಟಳು ಎಂದುಕೊಂಡ ಎವ್ಸ್ತಾತಿ. ಆದರೆ ಆಕೆ ಗೇಟಿನ ಸರಳುಗಳ ಹತ್ತಿರ ಬಂದು ನಿಂತು, ಅಲ್ಲಿಂದಲೇ ಪ್ರಶ್ನೆ ಕೇಳತೊಡಗಿದಳು. ಕೆಲಸ ಬಿಟ್ಟುಹೋದವರ ಕಾರ್ಡು ಏನಾಗುತ್ತದೆ, ಪಾಕದ ಅಳತೆ ಯಾರ್ಯಾರ ಕಣ್ಣಿಗೆ ಬೀಳುತ್ತದೆ ಎಂದೆಲ್ಲ. ಎವ್ಸ್ತಾತಿ ಹಲ್ಲು ಕಟಕಟಿಸುತ್ತ ಉತ್ತರ ಹೇಳಿದ. ಲೆಕ್ಕದವಳು ಸರಳಿನ ಸಂದಿಯಿಂದ ಬಿಸಿ ಚಹಾ ದಾಟಿಸಿದಳು. ದಿಮೋ ಬಂದು, ಬೇಕಾದರೆ ತಾನಿದ್ದೇನೆ ಎಂಬಂತೆ ಬೂಟಿನ ದಾರ ಬಿಚ್ಚಲು ಬಗ್ಗಿದ. ಅವನನ್ನು ಎಬ್ಬಿಸಿ ಕಳಿಸಿದರು.

ಗಿನ್ಕಾ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಪ್ರಶ್ನೆಗಳೆಲ್ಲ ಮುಗಿದಿದ್ದವು. ಖರೀದಿ ಮುಂದುವರಿಯುತ್ತದೆ ಎಂದು ರಾಡಿನಾ ಸರಳುಗಳ ನಡುವೆ ಕೈ ಚಾಚಿದಳು. ಎವ್ಸ್ತಾತಿ ಕಾರ್ಡು ತೋರಿಸಿ, ಅಂಕೆ ಒತ್ತಿ, ಹಸಿರು ದೀಪ ಕಂಡು ಒಳಗೆ ಕಾಲಿಟ್ಟ. ಖುಷಿಯಲ್ಲಿ ಹಿಂದೆ ತಿರುಗಿ ಹೆಂಡತಿಗೆ, ಬಾ, ಬಿಸಿಯಾಗಿ ಏನಾದರೂ ಕುಡಿ ಎಂದ.

"ಅವಳ ಕಾರ್ಡ್ ಎಲ್ಲಿ?" ಎಂದಳು ಸ್ತೊಯ್ಮೆಂಕಾ.

ಗಿನ್ಕಾ ಗಂಡನ ಮುಖ ನೋಡಿದಳು. ಎವ್ಸ್ತಾತಿ ಒಲೆಯ ಮೇಲಿದ್ದ ಚಹಾದ ಪಾತ್ರೆ ಎತ್ತಿಕೊಂಡು ಮತ್ತೆ ಗೇಟಿನ ಹೊರಗೆ ಬಂದು ಅವಳ ಪಕ್ಕ ನಿಂತ.

ಅಂದಿನಿಂದ ಅವನ ಹೆಸರಿನ ಹಬ್ಬ ನಡೆಯುವುದು ಅಲ್ಲೇ, ಗೇಟಿನ ಹೊರಗಿನ ರಸ್ತೆಯಲ್ಲಿ ಉದ್ದಕ್ಕೆ ಮೇಜು ಹಾಕಿಕೊಂಡು. ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ಸ್ತೊಯ್ಮೆಂಕಾ ಹೂವು ಮಾತ್ರ ಎಣಿಸುತ್ತಾಳೆ.