ಕಿರೀಟದ ಮಾಮ

ಊರಿನ ವಸ್ತುಸಂಗ್ರಹಾಲಯದಲ್ಲಿ ತುಕ್ಕು ಹಿಡಿದ ಕತ್ತಿಗಳಿವೆ, ಒಡೆದ ಗಡಿಗೆಗಳಿವೆ, ಮೂಗಿಲ್ಲದ ಅರಸನ ಪ್ರತಿಮೆಯಿದೆ. ಆದರೆ ಅಲ್ಲಿನ ಗೈಡು, ಮಕ್ಕಳ ಬಾಯಲ್ಲಿ ಕಿರೀಟದ ಮಾಮ, ಇವನ್ನೆಲ್ಲ ಗಡಿಬಿಡಿಯಲ್ಲಿ ದಾಟಿಸಿ ಜನರನ್ನು ಒಂದು ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸುತ್ತಾರೆ. "ಹತ್ತಿರ ಬನ್ನಿ, ಆದ್ರೆ ಗಾಜು ಮುಟ್ಬೇಡಿ." ಅದರಲ್ಲಿದ್ದ ಕಿರೀಟ ಪಾಲಿಶಿಗೆಂದು ರಾಜಧಾನಿಗೆ ಹೋದದ್ದೇ ಹೋದದ್ದು, ಈಗ ಉಳಿದಿರುವುದು ಮಖಮಲ್ಲಿನ ಮೇಲೆ ಅದು ಕೂತಿದ್ದ ಗುಂಡನೆಯ ಗುರುತು ಮಾತ್ರ. ಮಾಮ ಬೆರಳು ತೋರಿಸುತ್ತ ಹೋದಂತೆ ಆ ಗುರುತಿನ ಮೇಲೆ ಮಾಣಿಕ್ಯಗಳು ಒಂದೊಂದಾಗಿ ಬಂದು ಕೂರುತ್ತವೆ, ನಡುವಿನ ಹಸಿರು ಕಲ್ಲು ಪಾರಿವಾಳದ ಮೊಟ್ಟೆಯಷ್ಟಾಗುತ್ತದೆ. ಜನ ಜಾಸ್ತಿಯಿದ್ದ ದಿನ ಕೋಳಿಮೊಟ್ಟೆಯಷ್ಟು. ಹಿಂದೆ ನಿಂತವರು ಕಾಣಿಸುತ್ತಿಲ್ಲವೆಂದು ಮುಂದಿನವರನ್ನು ತಳ್ಳುತ್ತಾರೆ. ಒಬ್ಬ ಅಜ್ಜಿಯಂತೂ ಹೊಳಪು ತಾಳಲಾರದೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಮೊನ್ನೆ ಮೇಲಧಿಕಾರಿ ಬಂದು, "ಮುಂದಿನ ವಾರ ಕಿರೀಟ ವಾಪಸ್ ಬರುತ್ತೆ, ಗಾಜು ಒರೆಸಿಡಿ" ಎಂದರು. ಮಾಮ ಒರೆಸಿಟ್ಟರು. ಮನೆಗೆ ಬಂದು ಊಟ ಮಾಡದೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು. "ಯಾಕ್ರೀ, ಕಿರೀಟ ಬರ್ತಿದೆ ಅಂದ್ರೆ ಮುಖ ಹೀಗೆ ಸಪ್ಪಗಾಗಿದೆ?" ಎಂದು ಹೆಂಡತಿ ಕೇಳಿದರು. "ಅದನ್ನ ನಾನು ನೋಡೇ ಇಲ್ಲ ಕಣೇ," ಎಂದರು ಮಾಮ, "ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಅದು ಹೋಗಾಗಿತ್ತು."