ಕರೆಂಟು ಹೋದರೆ ಏನ್ ಮಾಡ್ತೀಯೋ

ಪದ ಎತ್ತುವ ಮೊದಲು ದೊಡ್ಡಮ್ಮ ಬಾಯೊಳಗಿನ ಎಲೆಅಡಿಕೆಯನ್ನು ನಾಲಿಗೆಯಿಂದ ಎಡದವಡೆಗೆ ನೂಕುತ್ತಿದ್ದಳು. ಕೆನ್ನೆ ನಿಂಬೆಹಣ್ಣಿನ ಗಾತ್ರ ಉಬ್ಬುತ್ತಿತ್ತು, ಕತ್ತಿನ ಎರಡು ನರ ಎದ್ದು ನಿಲ್ಲುತ್ತಿದ್ದವು. ಆಮೇಲೆ ಎಡಗೈಯಿಂದ ಕಿವಿ ಮುಚ್ಚಿಕೊಂಡು ಶುರು ಮಾಡಿದರೆ, ಮದುವೆಮನೆಯ ಅಡುಗೆಯವರು ಕೂಡ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಅವಳು ನನಗೆ ರಕ್ತಸಂಬಂಧಿಯಲ್ಲ. ದೊಡ್ಡೇರಿ ಕಡೆಯ ನಮ್ಮೂರಿನಲ್ಲಿ ಪಕ್ಕದ ಮನೆಯವಳು. ಬರಗೂರಿನಿಂದ ಮದುವೆಯಾಗಿ ಬಂದವಳು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆ ಪದಕ್ಕೆ ಅವಳನ್ನೇ ಕರೆಯುತ್ತಿದ್ದರು. ಆದರೆ ಅವಳ ಧಾಟಿಗಳು ಎಲ್ಲಿಂದ ಬರುತ್ತಿದ್ದವು ಗೊತ್ತೇ? ಶಿರಾ ಬಸ್ಸಿನಿಂದ. ಡ್ರೈವರು ಹಾಕಿದ ಹೊಸ ಸಿನಿಮಾ ಹಾಡನ್ನು ಕಣ್ಣುಮುಚ್ಚಿ ಕೇಳುತ್ತಾ ಕೂತರೆ, ಇಳಿಯುವಷ್ಟರಲ್ಲಿ ಧಾಟಿ ಅವಳದಾಗಿರುತ್ತಿತ್ತು. ವಾರದೊಳಗೆ ಅದಕ್ಕೆ ಅರಿಶಿಣ ಹಚ್ಚುವ ಪದವೋ, ಬೀಗರನ್ನು ಜರಿಯುವ ಪದವೋ ಹೊಂದಿ ಕೂರುತ್ತಿತ್ತು. ಒಮ್ಮೆ ಜನಪದ ಗೀತೆ ಸಂಗ್ರಹಕ್ಕೆಂದು ಬಂದ ಮೇಷ್ಟ್ರೊಬ್ಬರು ಸಿನಿಮಾ ಧಾಟಿ ಬೇಡ, ಹಳೆಯದನ್ನೇ ಹಾಡಿ ಎಂದರು. ಹಳೆಯದೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಸ್ವಾಮಿ ಎಂದು ಅವರಿಗೊಂದು ಬೊಗಸೆ ಕಡಲೆಕಾಯಿ ಕೊಟ್ಟು ಕಳಿಸಿದಳು.

ಬೀಗರ ಪದಕ್ಕೆ ನಮ್ಮ ಕಡೆ ಒಂದು ಕಟ್ಟಳೆಯಿದೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೂಗು, ಹೊಟ್ಟೆ, ಜಿಪುಣತನ ಏನನ್ನು ಬೇಕಾದರೂ ಆಡಿಕೊಳ್ಳಬಹುದು. ಗುರುತು ಹೇಳಬೇಕು, ಹೆಸರು ಹೇಳಬಾರದು. ಜರಿಸಿಕೊಂಡವರು ಸಿಟ್ಟು ಮಾಡುವಂತಿಲ್ಲ. ಮಾಡಿದರೆ ಇನ್ನಷ್ಟು ನಗೆಪಾಟಲು. ಆ ಕಟ್ಟಳೆಯಂತೆ ನಾನೂ ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ, ಅಷ್ಟು ಸಾಕು.

ಅವನು ನಮ್ಮೂರ ಗೇಟಿನಲ್ಲಿ, ಬಸ್ಸು ನಿಲ್ಲುವ ಕಡೆಯೇ, ಮೈಕ್‌ಸೆಟ್ ಅಂಗಡಿ ಇಟ್ಟಿದ್ದವನು. ನಾನು ಮಧುಗಿರಿಗೆ ಮೊದಲ ಪಿಯುಸಿಗೆ ಹೋಗುತ್ತಿದ್ದ ವರ್ಷ ಒಂದು ಸಿನಿಮಾ ಹಾಡು ಬಂತು. ಪಲ್ಲವಿಯಲ್ಲಿ ನನ್ನ ಹೆಸರಿತ್ತು. ಹೆಸರಿನ ಹಿಂದೆ ಮುಂದೆ ಇದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬರೆದವರಿಗಾಗಲಿ ಕುಣಿದವರಿಗಾಗಲಿ ನಾನು ಯಾರೆಂದು ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು. ನಾನು ಬಸ್ಸಿಗೆ ಬಂದು ನಿಂತ ಕೂಡಲೇ ಆಳೆತ್ತರದ ಸ್ಪೀಕರ್ ಪೆಟ್ಟಿಗೆಯನ್ನು ರಸ್ತೆಗೆ ತಿರುಗಿಸಿ ಅದೊಂದೇ ಸಾಲು ಹಾಕುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಹಾಕುತ್ತಿದ್ದ. ತಾನು ಮಾತ್ರ ಪೆಟ್ಟಿಗೆಯ ಹಿಂದೆ. ಒಂದು ದಿನವೂ ಬಾಯಿ ತೆರೆದು ನನ್ನ ಹತ್ತಿರ ಒಂದು ಮಾತಾಡಲಿಲ್ಲ.

ಟೀ ಅಂಗಡಿಯವರು ನಕ್ಕರು, ಡೈರಿಗೆ ಹಾಲು ತಂದವರು ನಕ್ಕರು. ತಿಂಗಳೊಳಗೆ ಅಂಗನವಾಡಿಯ ಮಕ್ಕಳೂ ನನ್ನನ್ನು ಕಂಡರೆ ಆ ಸಾಲು ಎಳೆಯತೊಡಗಿದವು. ಅಪ್ಪ ಕೇಳಲು ಹೋದಾಗ, ನಾನೇನು ಬರೆದೆನಾ, ಸಿನಿಮಾದವರನ್ನು ಕೇಳಿ ಎಂದನಂತೆ. ಊರ ಹಿರಿಯರೂ ಹಾಡಿಗೆ ಏನು ಮಾಡೋಕಾಗುತ್ತೆ ಎಂದು ಕೈಚೆಲ್ಲಿದರು. ಅಪ್ಪ ಮನೆಗೆ ಬಂದು, ಈ ವರ್ಷ ಮುಗಿಸಿದರೆ ಸಾಕು, ಎರಡನೇ ಪಿಯುಸಿ ಬೇಡ, ಗಂಡು ನೋಡೋಣ ಎಂದರು. ಅವನು ಒತ್ತಿದ ಒಂದು ಗುಂಡಿಗೆ ನನ್ನ ಓದು ಮುಗಿಯುವುದರಲ್ಲಿತ್ತು.

ನನ್ನ ಅಳು ಮುಗಿಯುವ ತನಕ ದೊಡ್ಡಮ್ಮ ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಆಮೇಲೆ, ಎಲ್ಲಿ ಆ ಹಾಡು ಪೂರ್ತಿ ಹಾಡು ಎಂದಳು. ನನಗೆ ಮೈಯೆಲ್ಲ ಉರಿಯಿತು.

"ಧಾಟಿ ಚೆನ್ನಾಗೈತೆ ಕಣಮ್ಮ, ಅದ್ರ ಮೇಲ್ಯಾಕೆ ಸಿಟ್ಟು?" ಎಂದಳು. "ಮಾಘ್ದಾಗೆ ಅವ್ನ ಮದ್ವೆ ಐತೆ. ಹಾಡು, ಕಲ್ತ್ಕಂತೀನಿ."

ಹೆಣ್ಣು ಬರಗೂರಿನದು. ಮದುವೆ ನಮ್ಮೂರಿನಲ್ಲೇ, ಅವನ ಮನೆಯ ಮುಂದಿನ ಚಪ್ಪರದಲ್ಲಿ. ತನ್ನ ಮದುವೆಯೆಂದು ಹೊಸ ಪೆಟ್ಟಿಗೆಗಳನ್ನು ನಾಲ್ಕು ದಿಕ್ಕಿಗೂ ಕಟ್ಟಿಸಿದ್ದ. ದೊಡ್ಡಮ್ಮ ಊರಿನವಳಾಗಿ ಗಂಡಿನ ಕಡೆಯ ಚಾಪೆಯ ಮೇಲೆ ಕೂತಿದ್ದಳು. ಬೀಗರ ಪದದ ಹೊತ್ತಿಗೆ ಎದ್ದು, ಸೆರಗು ಕೊಡವಿ, ಚಪ್ಪರ ದಾಟಿ ಹೋಗಿ ಹೆಣ್ಣಿನ ಕಡೆಯ ಚಾಪೆಯಲ್ಲಿ ಕೂತಳು. ತಾನು ಬರಗೂರಿನ ಮಗಳು, ಇವತ್ತು ತವರಿನ ಪರವಾಗಿ ಹಾಡುತ್ತೇನೆ ಎಂದಳು. ಬರಗೂರಿನವರು ಖುಷಿಯಿಂದ ಮೈಕು ಅವಳ ಮುಂದೆ ಸರಿಸಿದರು. ಅವನದೇ ಮೈಕು.

ಪಲ್ಲವಿಯ ಧಾಟಿ ಕೇಳಿದ ಕೂಡಲೇ ಚಪ್ಪರವೆಲ್ಲ ನನ್ನ ಕಡೆ ತಿರುಗಿತು. ನಾನು ತಲೆ ತಗ್ಗಿಸಿದೆ. ಆದರೆ ನನ್ನ ಹೆಸರು ಬರಬೇಕಾದ ಜಾಗದಲ್ಲಿ ಬೀಗ ಬಂದ.

"ಪೆಟ್ಟಿಗೆ ಹಿಂದೆ ಕೂತಿರೋ ಬೀಗ
ಪೆಟ್ಟಿಗೆ ಒಳಗೇ ನಿನ್ ದನಿಯಾ
ಕರೆಂಟು ಹೋದರೆ ಏನ್ ಮಾಡ್ತೀಯೋ
ಹೆಂಡ್ತಿ ಹೆಸ್ರ ಹೆಂಗ್ ಕೂಗ್ತೀಯೋ"

ಬಾಸಿಂಗ ಕಟ್ಟಿದ ಮದುಮಗ ಹಸೆಯಿಂದ ಏಳುವಂತಿಲ್ಲ. ಆಂಪ್ಲಿಫೈಯರ್ ಮುಂದೆ ಕೂತಿದ್ದ ಅವನ ಪಾಲುದಾರ ಆಫ್ ಮಾಡುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬರಗೂರಿನ ಹೆಂಗಸರು ಪ್ರತಿ ಸಾಲನ್ನೂ ತಿರುಗಿಸಿ ಹಾಡಿದರು. ಅವನ ನಾಲ್ಕು ಪೆಟ್ಟಿಗೆಗಳು ಗೇಟಿನ ತನಕ ಅದನ್ನು ಮುಟ್ಟಿಸಿದವು.

ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲಲ್ಲಿ ಗಂಡಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳಬೇಕು. ಅವಳು ನಾಚದೆ ಹೇಳಿಬಿಟ್ಟಳು. ಅವನಿಗೆ ಬಾಯಿ ಬರಲಿಲ್ಲ. ನನ್ನ ಹೆಸರನ್ನು ದಿನಕ್ಕೆ ಇಪ್ಪತ್ತು ಸಲ ಊರಿಗೆ ಕೇಳಿಸಿದವನು ಕಟ್ಟಿಕೊಂಡವಳ ಹೆಸರಿಗೆ ತಡವರಿಸಿ ನಿಂತ. ಹಿಂದಿನಿಂದ ಯಾರೋ "ಕರೆಂಟ್ ಹೋಯ್ತೇನ್ಲಾ?" ಎಂದರು. ಆಗ ಎದ್ದ ನಗುವನ್ನು ನಾನು ಇವತ್ತಿಗೂ ನೆನೆಸಿಕೊಂಡು ಚಪ್ಪರಿಸುತ್ತೇನೆ. ಪಾಪ ಅನ್ನಿಸುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಇಲ್ಲ.

ಸಿನಿಮಾ ಹಾಡು ಹಿಟ್ಟಾದದ್ದೇ ಆಮೇಲೆ ನಮಗೆ ಅನುಕೂಲವಾಯಿತು. ಬಸ್ಸಿನಲ್ಲಿ, ಟಿವಿಯಲ್ಲಿ, ಯಾರದೋ ಮೊಬೈಲಿನಲ್ಲಿ ಅದು ಬಂದಾಗಲೆಲ್ಲ ನಮ್ಮ ಕಡೆಯವರಿಗೆ ಕೇಳಿಸುತ್ತಿದ್ದದ್ದು ದೊಡ್ಡಮ್ಮನ ಮಾತು. ಕೊರಟಗೆರೆ ಕಡೆ ಹೊಳವನಹಳ್ಳಿಯ ಮದುವೆಯೊಂದಕ್ಕೆ ಸೆಟ್ ಕಟ್ಟಲು ಹೋದವನಿಗೆ ಅಲ್ಲಿಯ ಹೆಂಗಸರೂ ಕರೆಂಟ್ ಇದೆಯಾ ಎಂದು ವಿಚಾರಿಸಿದರಂತೆ. ಹಾಡಿಗೆ ಏನು ಮಾಡೋಕಾಗುತ್ತೆ? ಅವನು ಮೊದಲು ಪೆಟ್ಟಿಗೆಯನ್ನು ಗೋಡೆಗೆ ತಿರುಗಿಸಿದ, ಆಮೇಲೆ ಅಂಗಡಿಯನ್ನೇ ಶಿರಾಕ್ಕೆ ಸಾಗಿಸಿದ. ಅಪ್ಪ ಕಾಲೇಜು ಬಿಡಿಸುವ ಮಾತೆತ್ತಲಿಲ್ಲ. ನಾನು ಓದಿದೆ. ಈಗ ಪಾವಗಡದ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ.

ಬರಗೂರಿನ ಆ ಹೆಣ್ಣಿನ ಬಗ್ಗೆ ಮಾತ್ರ ನನಗೆ ಅಳುಕಿತ್ತು. ಕೇಳಿದ್ದಕ್ಕೆ ದೊಡ್ಡಮ್ಮ ನಕ್ಕಳು. ಅವಳಿಗೂ ಪದ ಕಲಿಸಿದ್ದೇನೆ, ಅವನು ಕೈ ಎತ್ತಿದ ದಿನ ಒಲೆ ಮುಂದೆ ಕೂತು ಗಟ್ಟಿಯಾಗಿ ಹಾಡು ಎಂದಿದ್ದೇನೆ ಎಂದಳು. ಇನ್ನೊಂದು ಮಾತನ್ನೂ ಅವತ್ತು ಹೇಳಿದಳು.

"ಒಂದ್ ನುಡಿ ಬಾಕಿ ಮಡಗಿವ್ನಿ ಮಗ. ಅದು ನೀನ್ ಕಟ್ಬೇಕಾದ್ದು. ಹೆಸ್ರು ಕೂಗಿಸ್ಕಂಡೋಳು ನೀನು."

ಎಷ್ಟೋ ಸಲ ಕೂತು ನೋಡಿದೆ. ಮಕ್ಕಳಿಗೆ ಷಟ್ಪದಿಗೆ ಗಣ ಹಾಕುವುದನ್ನು ಕಲಿಸುವ ನನಗೆ ಎರಡು ಸಾಲಿನ ಆ ನುಡಿ ಬರಲಿಲ್ಲ. ಬಂದರೂ ಬರೀ ಬೈಗುಳವಾಗುತ್ತಿತ್ತು, ಪದವಾಗುತ್ತಿರಲಿಲ್ಲ.

ಕಳೆದ ಕಾರ್ತೀಕದಲ್ಲಿ ದೊಡ್ಡಮ್ಮ ಹೋದಳು. ನಾನು ಪಾವಗಡದಿಂದ ಬಂದು ಇಳಿಯುವಷ್ಟರಲ್ಲಿ ಅವಳ ಮನೆಯ ಮುಂದೆ ಟೆಂಪೋ ನಿಂತಿತ್ತು. ಅವನು ಬಂದಿದ್ದ. ಈಗ ಶಿರಾದಲ್ಲಿ ನಾಲ್ಕು ಜನ ಕೈಮುಗಿಯುವ ಮುಖಂಡ, ಚುನಾವಣೆಗೆ ನಿಲ್ಲುವ ಆಸೆಯಂತೆ. ಹೆಣದ ತಲೆದೆಸೆಗೆ ಎರಡು ಪೆಟ್ಟಿಗೆ ಇಡಿಸಿ, ಹಿಂದೆ ಫ್ಲೆಕ್ಸ್ ಕಟ್ಟಿಸಿದ್ದ. ಅದರಲ್ಲಿ ದೊಡ್ಡಮ್ಮನ ಮುಖ ಅಂಗೈಯಷ್ಟು, ಕೈಮುಗಿದ ಅವನ ಮುಖ ಮೊರದಷ್ಟು. ಜಾನಪದ ಕೋಗಿಲೆಗೆ ನಮನ. ಮೈಕು ಹಿಡಿದು, ಈ ತಾಯಿ ನನ್ನ ಮದುವೆಯಲ್ಲಿ ಹಾಡಿ ಹರಸಿದ್ದರು ಎಂದು ಭಾಷಣ ಶುರು ಮಾಡಿದ.

ಸಾವಿನ ಮನೆಯಲ್ಲಿ ಮದುವೆ ಪದ ಎತ್ತಬಾರದು. ನನ್ನ ಎಡಗೈ ತಾನಾಗಿ ಕಿವಿಗೆ ಹೋಯಿತು. ಆ ಪದವನ್ನೇ ಎತ್ತಿದೆ. ಎರಡನೇ ಸಾಲಿಗೆ ಮುದುಕಿಯರು ಸೇರಿಕೊಂಡರು, ನಾಲ್ಕನೆಯದಕ್ಕೆ ಬರಗೂರಿನಿಂದ ಬಂದಿದ್ದವರೆಲ್ಲ. ಅವನು ಮೈಕನ್ನು ಕೈಯಿಂದ ಮುಚ್ಚಿದ. ನಮಗೆ ಅದು ಬೇಕಾಗಿರಲಿಲ್ಲ. ನಾನು ಅವನ ಮುಂದೆ ಹೋಗಿ ನಿಂತೆ. ಅಷ್ಟು ವರ್ಷ ಬಾರದ ನುಡಿ ಆಗ ಬಂತು.

"ಕರೆಂಟು ಬಂದೈತೆ ನೋಡಪ್ಪ ಬೀಗ
ನೀ ಕೂಗಿದ್ ಹೆಸ್ರೇ ಎದುರ್ಗೆ ನಿಂತೈತೆ"

ಹೆಂಗಸರು ತಿರುಗಿಸಿ ಹಾಡಿದರು. ಅವನು ಸಿಟ್ಟು ಮಾಡುವಂತಿರಲಿಲ್ಲ. ವೈರು ಸುತ್ತಿಕೊಂಡು ಟೆಂಪೋ ಹತ್ತುವ ತನಕ ನಾನು ನಿಲ್ಲಿಸಲಿಲ್ಲ. ಆಮೇಲೆ ಬಂದು ದೊಡ್ಡಮ್ಮನ ಬಾಯಿಗೆ ಎಲೆಅಡಿಕೆ ಇಟ್ಟೆ, ಎಡದವಡೆಗೆ.