ಮೊಲನ ಎದೆ ಮೇಲಿನ ಅಡುಗೆಮನೆ

ದೊಡ್ಡ ಮಂಚದ ಬೆಡ್‌ಶೀಟನ್ನು ಒಬ್ಬನೇ ಮಡಚಲಾಗುವುದಿಲ್ಲ. ಮಡಚಿದರೂ ಅದು ಮಡಿಕೆ ಅನ್ನಿಸಿಕೊಳ್ಳುವುದಿಲ್ಲ, ಗಂಟಾಗುತ್ತದೆ. ಇಸ್ತ್ರಿಯ ರೋಲರಿನಿಂದ ಬಿಸಿಬಿಸಿಯಾಗಿ ಹೊರಬಂದ ಶೀಟಿನ ಆ ಕಡೆಯ ಎರಡು ಮೂಲೆ ಒಬ್ಬ ಹಿಡಿಯಬೇಕು, ಈ ಕಡೆಯ ಎರಡು ಮೂಲೆ ಇನ್ನೊಬ್ಬ. ಒಂದು ಸಲ ಜಾಡಿಸಬೇಕು. ಆಮೇಲೆ ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಸೇರಿಸುವಾಗ ಒಬ್ಬನ ಮೂಗು ಇನ್ನೊಬ್ಬನ ಮೂಗಿಗೆ ತಾಗುವಷ್ಟು ಹತ್ತಿರ. ದಿನವಿಡೀ ಇದೇ ಕೆಲಸ. ಕಟ್ಟಿಕೊಂಡ ಹೆಂಡತಿಯ ಮುಖವನ್ನೂ ನಾನು ಇಷ್ಟು ಸಲ ಇಷ್ಟು ಹತ್ತಿರದಿಂದ ನೋಡಿಲ್ಲ, ಮೊಲನ ಮುಖ ನೋಡಿದ್ದೇನೆ.

ಮೊಲ ಅಂದರೆ ನನ್ನ ಜೊತೆ ಶೀಟು ಮಡಚುವವನು. ಹೆಸರಿಟ್ಟವನು ನಮ್ಮ ರೂಮಿನ ಡ್ರೈವರು, ಲಾಂಡ್ರಿಯ ವ್ಯಾನು ಓಡಿಸುವವನು. ಹೆಸರಿಗೆ ತಕ್ಕಂತೆ ಅವನ ಕಿವಿಗಳು ತಲೆಯಿಂದ ದೂರ ನಿಂತಿವೆ. ತಿನ್ನುವುದೂ ಮುಂದಿನ ಹಲ್ಲಿನಲ್ಲೇ, ಕಚಕಚ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಸೂಪರ್‌ವೈಸರಮ್ಮ ಕೂಗಿದರೆ ತಪ್ಪು ಯಾರದ್ದಾದರೂ ಮೊದಲು ಬೆವರುವುದು ಇವನೇ. ಇಂಥವನನ್ನು ಕಂಡು ನಾನು ಹೊಟ್ಟೆಕಿಚ್ಚು ಪಡಬೇಕಾಯಿತು ಅಂದರೆ ನನ್ನ ಹಣೆಬರಹ ನೋಡಿ.

ಈ ಪರದೇಶದಲ್ಲಿ ನಮ್ಮ ರೂಮು ಲಾಂಡ್ರಿಯ ಮೇಲಿನ ಮಹಡಿಯಲ್ಲಿದೆ. ನೆಲಕ್ಕೆ ಕಾಲಿಟ್ಟರೆ ಕೆಳಗಿನ ಮೆಷಿನ್ನಿನ ನಡುಕ ಅಂಗಾಲಿಗೆ ಹತ್ತುತ್ತದೆ. ಎರಡು ಕಬ್ಬಿಣದ ಮಂಚ, ಒಂದರ ಮೇಲೊಂದು. ಕೆಳಗೆ ಮೊಲ, ಮೇಲೆ ನಾನು. ಎದುರಿನ ಗೋಡೆಗೆ ಡ್ರೈವರನ ಮಡಚುವ ಮಂಚ. ಒಂದು ಕಿಟಕಿ, ಅದನ್ನು ತೆರೆದರೆ ಇನ್ನೊಂದು ಕಟ್ಟಡದ ಗೋಡೆ.

ಒಂದು ರಜೆಯ ದಿನ ಡ್ರೈವರು ಸುಮ್ಮನೆ ಕೂತಿರಲಾರದೆ ಕೇಳಿದ: "ಊರಿಂದು ಏನು ಜಾಸ್ತಿ ನೆನಪಾಗುತ್ತೆ ಹೇಳ್ರೋ ನೋಡೋಣ. ಅಮ್ಮ, ಮಣ್ಣು ಅಂತೆಲ್ಲ ಹೇಳಂಗಿಲ್ಲ, ಅದು ಭಾಷಣಕ್ಕೆ."

"ಮೊದಲು ನೀನು ಹೇಳು," ಅಂದೆ.

"ನಂಗಾ? ಬಸ್ಸಲ್ಲಿ ಪಕ್ಕದೋನು ಗುರುತು ಪರಿಚಯ ಇಲ್ದೆ ನಮ್ಮ ಭುಜದ ಮೇಲೆ ಒರಗಿ ನಿದ್ದೆ ಹೊಡೀತಾನಲ್ಲ, ಅದು. ಇಲ್ಲಿ ಮೊಣಕೈ ತಾಗಿದ್ರೆ ಸಾರಿ ಅಂತಾರೆ. ಸಾರಿ ಕೇಳಿ ಕೇಳಿ ನನ್ ಮೈ ಒಣಗೋಯ್ತು."

ನಾನಂದೆ: "ನಂಗೆ ಗಂಟಲು ಬಿಟ್ಟು ಜಗಳ ಆಡೋದು. ಇಲ್ಲಿ ಸ್ವಲ್ಪ ದನಿ ಏರಿಸಿದ್ರೆ ಪಕ್ಕದ ರೂಮಿನೋನು ಗೋಡೆ ಕುಟ್ತಾನೆ."

"ನೀನು ಏರಿಸೋದು ಸ್ವಲ್ಪಾನಾ? ಕುಟ್ಟಿ ಕುಟ್ಟಿ ಅವನ ಗೋಡೆ ಸುಣ್ಣ ಉದುರಿದೆ," ಅಂದ ಡ್ರೈವರು. "ನಿಂದೇನೋ ಮೊಲ?"

ಮೊಲ ಸ್ವಲ್ಪ ಯೋಚಿಸಿ, "ನಂಗೇನೂ ಇಲ್ಲಪ್ಪ," ಅಂದ.

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅವನು ಹೇಳಿದ್ದು ನಿಜ. ಊರಿನಲ್ಲಿ ಬಿಟ್ಟು ಬಂದದ್ದೆಲ್ಲ ದಿನಾ ಅವನ ಎದೆಯ ಮೇಲೆ ಬಂದು ಕೂರುತ್ತಿತ್ತು.

ನಮ್ಮ ಪಾಳಿ ಬೆಳಕು ಹರಿಯುವ ಮುಂಚೆ ಶುರುವಾಗಿ ಮಧ್ಯಾಹ್ನ ಮುಗಿಯುತ್ತದೆ. ಆ ಹೊತ್ತಿಗೆ ಅವನ ಮನೆಯಲ್ಲಿ ಸಂಜೆ, ಅಡುಗೆಗೆ ಇಡುವ ಸಮಯ. ಹಿಂದೊಮ್ಮೆ ಅವನ ಹೆಂಡತಿ ಮಾತು ಮುಗಿಸಿ ಫೋನು ಕಟ್ ಮಾಡುವುದನ್ನು ಮರೆತು ಹಾಗೇ ಅಡುಗೆಮನೆಯ ಗೂಡಿನಲ್ಲಿಟ್ಟು ಕೆಲಸಕ್ಕೆ ಹತ್ತಿದ್ದಳಂತೆ. ಇವನೂ ಕಟ್ ಮಾಡಲಿಲ್ಲ, ಕೇಳಿಸಿಕೊಂಡು ಮಲಗಿದ. ಮರುದಿನ ತಾನೇ ಹೇಳಿದ: "ಮಾತೇನೂ ಬೇಡ, ಗೂಡಲ್ಲಿಟ್ಟುಬಿಡು." ಅವತ್ತಿನಿಂದ ಅದೇ ರೂಢಿ. ಅವಳು ಫೋನನ್ನು ಉಪ್ಪಿನ ಡಬ್ಬದ ಪಕ್ಕ ನಿಲ್ಲಿಸುತ್ತಾಳೆ. ಇವನು ಇಲ್ಲಿ ಸ್ಪೀಕರ್ ಹಾಕಿ ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ಮನೆಯವರು ಇವನ ಜೊತೆ ಮಾತಾಡುವುದಿಲ್ಲ, ಇವನೂ ಆಡುವುದಿಲ್ಲ. ನಲ್ಲಿ ಸುರಿಯುತ್ತದೆ, ನಿಲ್ಲುತ್ತದೆ. ಪಾತ್ರೆ ಬೀಳುತ್ತದೆ. "ತಲೆ ಬಾಚ್ಕೊಳ್ಳೇ, ಪಿಶಾಚಿ ಹಾಗೆ ಓಡಾಡ್ಬೇಡ" ಅಂತ ಮಗಳಿಗೆ ಬೈಗುಳ. ಅವನ ಮುದುಕಿ ತಾಯಿಯ ಕೆಮ್ಮು. ಪಕ್ಕದ ಮನೆಯವಳು ಬಂದು ಒಂದು ಲೋಟ ಸಕ್ಕರೆಯ ನೆಪದಲ್ಲಿ ಇಡೀ ಬೀದಿಯ ಸುದ್ದಿ ಹರಡಿ ಹೋಗುತ್ತಾಳೆ. ನಡುನಡುವೆ ಹೆಂಡತಿ ಒಗ್ಗರಣೆ ಸೌಟಿನ ಸದ್ದಿನ ಜೊತೆ, "ರೀ, ಇದ್ದೀರಾ?" ಅನ್ನುತ್ತಾಳೆ. ಇವನು "ಹ್ಞೂಂ" ಅನ್ನುತ್ತಾನೆ. ಅಷ್ಟೇ ಸಂಸಾರ.

"ಕಿವಿಗೆ ವೈರು ಹಾಕ್ಕೊಳ್ಳೋ, ನಿನ್ ಮನೆ ಪುರಾಣ ನಮಗ್ಯಾಕೆ," ಅಂತ ಒಮ್ಮೆ ಗದರಿದೆ.

"ವೈರು ಹಾಕ್ಕೊಂಡ್ರೆ ಅದು ಫೋನು ಕಣೋ. ಎದೆ ಮೇಲೆ ಇಟ್ಕೊಂಡ್ರೆ ಮನೆ," ಅಂದ.

ನನ್ನ ಮನೆಯ ಫೋನು ಹೇಗಿರುತ್ತದೆ ಅಂದರೆ, ಶಾಲೆಗೆ ಇನ್‌ಸ್ಪೆಕ್ಟರು ಬಂದಂತೆ. ಹೆಂಡತಿ ಸೆರಗು ಸರಿಮಾಡಿಕೊಂಡು ನಡುಮನೆಯಲ್ಲಿ ಕೂತಿರುತ್ತಾಳೆ, ಪಕ್ಕದಲ್ಲಿ ಮಗ ಕೈಕಟ್ಟಿಕೊಂಡು. ಟಿವಿ ಆರಿಸಿರುತ್ತಾರೆ. "ಹೇಗಿದ್ದೀರಾ?" "ಚೆನ್ನಾಗಿದ್ದೀವಿ." "ಊಟ ಆಯ್ತಾ?" "ಆಯ್ತು." "ಮತ್ತೆ?" "ಮತ್ತೇನಿಲ್ಲ." ನನ್ನ ಮೂಗಿನ ತುದಿಯಲ್ಲಿ ಕೋಪ ಅಂತ ಒಂದು ಸುದ್ದಿಯನ್ನೂ ಹೇಳುವುದಿಲ್ಲ. ಮನೆಗೆ ಹೊಸ ಬಾಗಿಲು ಹಾಕಿಸಿದ್ದು ನನಗೆ ಗೊತ್ತಾದದ್ದು ಹೇಗೆ? ಮಗ ಕಳಿಸಿದ ಫೋಟೋದಲ್ಲಿ ಅವನ ಬೆನ್ನ ಹಿಂದೆ ಹಸಿರು ಬಾಗಿಲು ಕಂಡಾಗ. ಯಾಕೆ ಹೇಳಲಿಲ್ಲ ಅಂತ ಕೂಗಾಡಿದೆ. ಅದಾದ ಮೇಲೆ ಫೋಟೋಗಳಲ್ಲಿ ಮಗನ ಹಿಂದೆ ಬರೀ ಗೋಡೆ.

ಮೊಲನನ್ನು ನೋಡಿ ನೋಡಿ ನಾನೂ ಒಂದು ದಿನ ಹೆಂಡತಿಗೆ ಹೇಳಿದೆ: "ಮಾತು ಸಾಕು, ಫೋನನ್ನ ಹಾಗೇ ಅಡುಗೆಮನೇಲಿಟ್ಟು ಕೆಲಸ ಮಾಡ್ಕೋ. ಕಟ್ ಮಾಡ್ಬೇಡ."

"ಯಾಕ್ರೀ? ನಮ್ ಮೇಲೆ ಅನುಮಾನಾನಾ?" ಅಂದಳು.

ಇಟ್ಟಳು, ಇಡದೇ ಏನು ಮಾಡುತ್ತಾಳೆ. ಆದರೆ ಪಾತ್ರೆಗಳನ್ನು ಹತ್ತಿಯ ಮೇಲೆ ಇಟ್ಟಂತೆ ಇಟ್ಟರು. ಮಗ ಕೆಮ್ಮಿದ್ದಕ್ಕೆ "ಶ್!" ಅಂದಳು. ನಾನೇ ಕಟ್ ಮಾಡಿದೆ. ಕೆಳಗಿನ ಮಂಚದಲ್ಲಿ ಮೊಲನ ಮನೆಯ ಅತ್ತೆ-ಸೊಸೆ ಕೊತ್ತಂಬರಿ ಕಟ್ಟಿನ ವಿಷಯಕ್ಕೆ ಹಾಯಾಗಿ ಕಿತ್ತಾಡುತ್ತಿದ್ದರು.

ಹೀಗೆ ದಿನಾ ಕೇಳಿ ಕೇಳಿ ಆ ಮನೆ ನನ್ನ ಮನೆಗಿಂತ ಚೆನ್ನಾಗಿ ನನಗೆ ಗೊತ್ತಾಯಿತು. ನಲ್ಲಿಯ ವಾಷರು ಹೋಗಿದೆ. ಮುದುಕಿ ಮಾತ್ರೆ ನುಂಗಿದೆ ಅಂತ ಸುಳ್ಳು ಹೇಳಿ ಎಲ್ಲೋ ಬಚ್ಚಿಡುತ್ತಾಳೆ, ಡಬ್ಬದ ಮುಚ್ಚಳದ ಸದ್ದು ಬರುತ್ತದೆ. ಮಗಳಿಗೆ ಗಣಿತ ಬರುವುದಿಲ್ಲ. ಸೊಸೆ ಕುಕ್ಕರ್ ಇಟ್ಟು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋಗುತ್ತಾಳೆ, ಎಷ್ಟು ಸಲ ಕೂಗಿತು ಅನ್ನುವುದು ಅವಳಿಗೆ ಯಾವತ್ತೂ ಗೊತ್ತಿರುವುದಿಲ್ಲ. ಇಂಥ ಮನೆಯ ಯಜಮಾನ ಈ ಮೊಲ! ನನ್ನಂಥವನಿಗೆ ಆ ಮನೆ ಸಿಕ್ಕಿದ್ದರೆ ಆ ನಲ್ಲಿಯನ್ನಾದರೂ ಸರಿಮಾಡಿಸುತ್ತಿದ್ದೆ ಅಂತ ಮೇಲಿನ ಮಂಚದಲ್ಲಿ ಹಲ್ಲು ಕಡಿಯುತ್ತಿದ್ದೆ.

ಒಂದು ಮಧ್ಯಾಹ್ನ ನನಗೆ ಅರೆನಿದ್ದೆ. ಕೆಳಗೆ ಕುಕ್ಕರ್ ಕೂಗುತ್ತಿತ್ತು. ಹಿತ್ತಿಲಿಂದ ಓಡಿಬಂದ ಹೆಜ್ಜೆಯ ಸದ್ದು. ಮೊಲನ ಹೆಂಡತಿ ಮನೆಗೆಲ್ಲ ಕೇಳುವಂತೆ ಕೂಗಿದಳು: "ಎಷ್ಟಾಯ್ತೇ ಸೀಟಿ? ಯಾರಾದ್ರೂ ಎಣಿಸಿದ್ರಾ?"

"ಮೂರು!" ಅಂದೆ ನಾನು.

ನನ್ನ ದನಿ ಗೊತ್ತಲ್ಲ, ಪಕ್ಕದ ಗೋಡೆಯ ಸುಣ್ಣ ಉದುರಿಸುವ ದನಿ. ಅದು ನೇರ ಹೋಗಿ ಆ ಅಡುಗೆಮನೆಯಲ್ಲಿ ಬಿತ್ತು. ಅಲ್ಲಿ ಏನೋ ಕೈಜಾರಿ ಬಿದ್ದ ಸದ್ದು. ಆಮೇಲೆ ಸೊಸೆ ಮೆಲ್ಲಗೆ, "ರೀ... ಅದ್ಯಾರು?"

ಮೊಲ ಎದ್ದು ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. "ಅದು... ಜೊತೆಯೋನು..."

"ಒಬ್ನೇ ಇರ್ತೀನಿ ಅಂದಿದ್ರಿ! ಇಷ್ಟು ದಿನ ನಾವು ಆಡಿದ್ದೆಲ್ಲ..." ಅಷ್ಟೇ. ಫೋನು ಸತ್ತುಹೋಯಿತು.

ಮೊಲ ಮಂಚದಿಂದಿಳಿದು ನನ್ನ ಮುಖ ನೋಡಿದ. ನಾನೇ ಮೊದಲು ಏರಿಹೋದೆ: "ನನ್ನೇನು ನೋಡ್ತೀಯಾ? ಸುಳ್ಳು ಹೇಳಿದೋನು ನೀನು! ಬೇಯೋ ಹೊತ್ತಿಗೆ ಒಲೆ ಆರಿಸ್ಲಿ ಅಂತ ಹೇಳಿದೆ, ತಪ್ಪೇನು?"

"ನಿನ್ನ ಕೇಳಿದ್ರೇನೋ ಯಾರಾದ್ರೂ?" ಅಂದ. ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಪಕ್ಕದ ರೂಮಿನವನು ಗೋಡೆ ಕುಟ್ಟಿದ.

ಮರುದಿನದಿಂದ ಗೂಡಿನಲ್ಲಿ ಫೋನು ಇಡುವುದು ನಿಂತಿತು. ಅವನಿಗೂ ಈಗ ನನ್ನ ಹಾಗೆಯೇ ಫೋನು. "ಊಟ ಆಯ್ತಾ?" "ಆಯ್ತು." "ಅಮ್ಮ?" "ಚೆನ್ನಾಗಿದ್ದಾರೆ." "ಮತ್ತೆ?" "ಮತ್ತೇನಿಲ್ಲ." ಹಿಂದೆ ಒಂದು ಲೋಟದ ಸದ್ದೂ ಇಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲೆರಡು ದಿನ ನನಗೆ ತಂಪೆನಿಸಿತು. ಬಾ ಮಗನೇ, ಈಗ ಹೇಳು ಏನು ನೆನಪಾಗುತ್ತೆ ಅಂತ.

ಅವನು ನನ್ನ ಜೊತೆ ಮಾತು ಬಿಟ್ಟ. ಆದರೆ ಶೀಟು ಬಿಡುತ್ತದೆಯೇ? ದಿನವಿಡೀ ಎದುರುಬದುರು ನಡೆದು ಬಂದು ಮೂಗಿಗೆ ಮೂಗು ತಾಗಿಸಬೇಕು, ಕಣ್ಣು ಮಾತ್ರ ನನ್ನ ಭುಜದ ಆಚೆ. ಜಾಡಿಸುವಾಗ ಬೇಕೆಂದೇ ಜೋರಾಗಿ ಎಳೆಯುತ್ತಿದ್ದ, ನಾನೂ ಎಳೆದೆ. ಒಂದು ಶೀಟು ನಡುವೆ ಹರಿಯಿತು. ಸೂಪರ್‌ವೈಸರಮ್ಮ ತನ್ನ ಭಾಷೆಯಲ್ಲಿ ಬೈದಳು, ನಮಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಗಿತ್ತು. ಆಮೇಲೆ ಮೊಲನ ಕೈ ಸಡಿಲಾಯಿತು. ಮೂಲೆಗಳು ಅವನ ಬೆರಳಿನಿಂದ ಜಾರತೊಡಗಿದವು. ಒಣರೊಟ್ಟಿಯ ತುಂಡು ಹಿಡಿದುಕೊಂಡು ಕೂತರೆ ಹಲ್ಲು ಆಡುತ್ತಿರಲಿಲ್ಲ. ರೂಮಿಗೆ ಬಂದರೆ ಫೋನನ್ನು ಎದೆಯ ಮೇಲಿಟ್ಟುಕೊಂಡು, ಕರೆಯೇ ಇಲ್ಲದೆ, ಸುಮ್ಮನೆ ಮಲಗಿರುತ್ತಿದ್ದ.

ರೂಮಿನಲ್ಲಿ ಕೆಳಗಿನ ಮೆಷಿನ್ನಿನ ಸದ್ದು ಮಾತ್ರ ಉಳಿಯಿತು. ನನಗೂ ನಿದ್ದೆ ಹತ್ತಲಿಲ್ಲ. ಮುದುಕಿ ಮಾತ್ರೆ ತಗೊಂಡಳೋ ಇಲ್ಲವೋ.

"ಏನಾದ್ರೂ ಮಾಡೋ, ನಂಗೂ ಬೇಜಾರಾಗ್ತಿದೆ," ಅಂದ ಡ್ರೈವರು. "ಆ ಪಕ್ಕದ್ಮನೆಯೋಳ ನಾದಿನಿ ಮದುವೆ ಏನಾಯ್ತೋ ಗೊತ್ತಾಗ್ಲಿಲ್ಲ."

ಒಂದು ದಿನ ಮೊಲ ಹೆಂಡತಿಯ ಜೊತೆ "ಮತ್ತೇನಿಲ್ಲ" ತನಕ ಬಂದಾಗ ನಾನು ಮೇಲಿನಿಂದ ಇಳಿದು ಫೋನು ಕಿತ್ತುಕೊಂಡೆ.

"ತಂಗೀ, ಅವತ್ತು ಮೂರು ಅಂದೋನು ನಾನೇ."

ಅಷ್ಟೇ, ಶುರುವಾಯಿತು ನೋಡಿ: "ನೀವೇನಾ ಆ ಮಹಾನುಭಾವ್ರು? ನಮ್ಮನೆ ಅಡುಗೆಮನೆ ಏನು ಬಸ್ ಸ್ಟ್ಯಾಂಡಾ? ನಾಚಿಕೆ ಮಾನ ಇಲ್ವಾ ನಿಮ್ಗೆ? ಅಕ್ಕತಂಗೀರ ಜೊತೆ ಹುಟ್ಟಿಲ್ವಾ? ನಾನು ನಮ್ಮತ್ತೆಗೆ ಏನೇನು ಅಂದಿದೀನೋ, ಅದೆಲ್ಲ ಕೇಳಿಸ್ಕೊಂಡು ಮಲಗಿದ್ರಲ್ಲ!"

"ತಂಗೀ, ನಾನು..."

"ತಂಗಿಗಿಂಗಿ ಅನ್ಬೇಡಿ! ಸೀಟಿ ಎಣಿಸ್ತಾರಂತೆ ಸೀಟಿ!"

ನನಗೆ ಯಾರಾದರೂ ಹೀಗೆ ಬೈದು ವರ್ಷಗಳೇ ಆಗಿದ್ದವು. ನನ್ನ ಮನೆಯಲ್ಲಿ ಯಾರಿಗೆ ಆ ಧೈರ್ಯ? ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡೆ. ಕಿವಿ ಬಿಸಿಯಾಯಿತು, ಎದೆ ತಣ್ಣಗಾಯಿತು. ಈ ಬೈಗುಳವೂ ಮೊಲನ ಮನೆಯದ್ದೇ ಅನ್ನುವುದು ನೆನಪಾಗಿ ಮತ್ತೆ ಉರಿಯಿತು.

ಅಷ್ಟರಲ್ಲಿ ಹಿಂದಿನಿಂದ ಮುದುಕಿಯ ದನಿ: "ಸಾಕು ಬಿಡೇ. ಅವತ್ತು ಮೂರೇ ಆಗಿತ್ತು. ಅವನು ಸರಿಯಾಗೇ ಹೇಳಿದ್ದ."

"ನೀವು ಸುಮ್ನಿರಿ ಅತ್ತೆ!"

"ಅವರು ಸುಮ್ನಿರೋದು ಇರ್ಲಿ ತಂಗಿ," ಅಂದೆ. "ಮಾತ್ರೆ ನುಂಗಲ್ಲ ಅವರು. ಡಬ್ಬದಲ್ಲಿ ಹಾಕಿಡ್ತಾರೆ, ಮುಚ್ಚಳ ತೆಗೆಯೋ ಸದ್ದು ಬರುತ್ತೆ. ಬಿಗಿ ಮುಚ್ಚಳ. ನಿನ್ ಗಂಡನೂ ಕೇಳಿದಾನೆ, ಅಮ್ಮನ ಬಿಟ್ಟುಕೊಡ್ಬಾರ್ದು ಅಂತ ಬಾಯಿ ಬಿಟ್ಟಿಲ್ಲ."

ಅಲ್ಲಿ ಡಬ್ಬಗಳು ತೆರೆಯುವ ಸದ್ದು. ಒಂದು, ಇನ್ನೊಂದು. "ಅಯ್ಯೋ ಅತ್ತೇ!" ಮುದುಕಿ, "ಹಾಳಾದೋನು, ಅವನ್ನ ಹೊಗಳಿದ್ನಲ್ಲ ನಾನು!" ಅಂತ ನನಗೆ ಶಾಪ ಹಾಕಿದಳು. ಮೊಲ ನನ್ನ ಪಕ್ಕದಲ್ಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ.

ಸೊಸೆ ತೀರ್ಪು ಕೊಟ್ಟಳು. ಫೋನು ನಾಳೆಯಿಂದ ಗೂಡಿನಲ್ಲಿ ಇರುತ್ತದೆ. ಆದರೆ ಮೊಲ ಕಿವಿಗೆ ವೈರು ಹಾಕಿಕೊಳ್ಳಬೇಕು, ಎರಡೂ ಕಿವಿಗೆ. ಒಂದು ಸದ್ದು ಹೊರಗೆ ಬಿದ್ದರೂ ಮುಗಿಯಿತು. "ಆ ಅಣ್ಣನಿಗೆ ಹೇಳಿ, ಅವರ ಮನೇಲೂ ಕುಕ್ಕರ್ ಇರುತ್ತೆ, ಅದನ್ನ ಎಣಿಸ್ಲಿ."

ಅಣ್ಣ ಅಂದಳು. ಅಂದು, ಬಾಗಿಲು ಹಾಕಿದಳು.

ಈಗ ಮೊಲ ಮೊದಲಿನಂತೆ ತಿನ್ನುತ್ತಾನೆ. ಮೂಲೆ ಜಾರುವುದಿಲ್ಲ. ಪಾಳಿ ಮುಗಿದ ಕೂಡಲೇ ಆ ದೊಡ್ಡ ಕಿವಿಗಳಿಗೆ ವೈರು ತುರುಕಿಕೊಂಡು ಮಲಗುತ್ತಾನೆ. ವೈರು ಹಾಕಿಕೊಂಡರೆ ಮನೆ ಅಲ್ಲ ಅಂದಿದ್ದ, ಈಗ ಅದನ್ನೇ ಮನೆ ಮಾಡಿಕೊಂಡಿದ್ದಾನೆ. ನನಗೆ ಮೇಲಿನಿಂದ ಬಗ್ಗಿ ನೋಡಿದರೆ ಅವನ ಮುಖ ಮಾತ್ರ ಕಾಣುತ್ತದೆ. ಹುಬ್ಬು ಏರಿದರೆ ಪಕ್ಕದ ಮನೆಯವಳು ಬಂದಿದ್ದಾಳೆ. ತುಟಿ ಬಿಗಿದರೆ ಅತ್ತೆ-ಸೊಸೆ. ನೋಡಬಾರದು ಅಂದುಕೊಳ್ಳುತ್ತೇನೆ, ನೋಡುತ್ತೇನೆ. ಶೀಟು ಮಡಚುವಾಗ, ಹತ್ತಿರ ಬಂದಾಗ, "ನಿನ್ನೆ ಮಗಳು ಗಣಿತದಲ್ಲಿ..." ಅಂತ ಅವನೇ ಒಂದು ತುಂಡು ಎಸೆಯುತ್ತಾನೆ. "ಬೇಡ, ಇಟ್ಕೋ ನೀನೇ," ಅನ್ನುತ್ತೇನೆ. ಮುಂದಿನ ಶೀಟಿಗೆ ನಾನೇ ಕೇಳುತ್ತೇನೆ, "ಪಾಸಾದ್ಳಾ?"

ನಿನ್ನೆ ಮಲಗಿದ್ದವನು ಎದೆಯ ಮೇಲೆ ಒಂದು ಬೆರಳು ಎತ್ತಿದ. ಸ್ವಲ್ಪ ಹೊತ್ತಿಗೆ ಎರಡು. ಆಮೇಲೆ ಮೂರು. ಎತ್ತಿ ಹಾಗೇ ಹಿಡಿದುಕೊಂಡು, ಸುಖವಾಗಿ ಕಣ್ಣು ಮುಚ್ಚಿ ಮಲಗಿದ್ದ.

ತಡೆಯಲಾಗಲಿಲ್ಲ. ಬಗ್ಗಿ ಅವನ ಭುಜ ತಿವಿದೆ. "ಮೂರಾಯ್ತಲ್ಲೋ, ಹೇಳೋ ಅವಳಿಗೆ! ಹಿತ್ತಿಲಲ್ಲಿರ್ತಾಳೆ, ತಳ ಹಿಡಿಯುತ್ತೆ!"

"ಮೂರಾಯ್ತು ಕಣೇ," ಅಂದ ಮೊಲ ಫೋನಿಗೆ. ಆ ಕಡೆಯಿಂದ ಅವಳು ಏನೋ ಅಂದಳು. ಇವನು ಕಿವಿಯವರೆಗೂ ನಕ್ಕ.

"ಏನಂದ್ಳು?"

"ನಿಂಗಲ್ಲ. ನಂಗೆ ಅಂದಿದ್ದು."

ಗೋಡೆಯ ಕಡೆ ಹೊರಳಿ ಮಲಗಿದೆ.